ಮಿದುಳಿನ ಭವಿಷ್ಯ ನುಡಿಯುವ ಮುನ್ನ

ನಿಂತ ಹೃದಯವನ್ನು ಮತ್ತೆ ಮಿಡಿಸುವ ವಿದ್ಯೆ ಇಂದು ವೈದ್ಯರಿಗೆ ಕರಗತವಾಗಿದೆ. ಆದರೆ ಹೃದಯ ಮಿಡಿದ ಮಾತ್ರಕ್ಕೆ ಮನುಷ್ಯ ಮರಳಿದನೆಂದು ಹೇಳಲಾಗದು. ರಕ್ತಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ, ಆಮ್ಲಜನಕವಿಲ್ಲದೆ, ಮಿದುಳಿನ ಜೀವಕೋಶಗಳು ಹಾನಿಗೊಳ್ಳತೊಡಗುತ್ತವೆ. ರೋಗಿ ಕಣ್ಣು ತೆರೆಯದಿದ್ದಾಗ ಬಂಧುಗಳು ಕೇಳುವ ಪ್ರಶ್ನೆ ಒಂದೇ: ಪ್ರಜ್ಞೆ ಮರಳುವುದೇ?

ಇದಕ್ಕೆ ಅವಸರದ ಉತ್ತರ ಅಪಾಯಕರ. ಏಕೆಂದರೆ ಇಲ್ಲಿ ನುಡಿದ ಭವಿಷ್ಯ ತನ್ನನ್ನು ತಾನೇ ನಿಜವಾಗಿಸಿಕೊಳ್ಳಬಲ್ಲುದು. ಆಸೆಯಿಲ್ಲವೆಂದು ವೈದ್ಯರು ಹೇಳುತ್ತಾರೆ, ಆ ಮಾತನ್ನು ನಂಬಿ ಉಸಿರಾಟದ ಯಂತ್ರವನ್ನು ತೆಗೆಯಲಾಗುತ್ತದೆ, ರೋಗಿ ಸಾಯುತ್ತಾನೆ, ಭವಿಷ್ಯ ಸರಿಯಾಗಿತ್ತೆಂದು ದಾಖಲಾಗುತ್ತದೆ. ಕಾದಿದ್ದರೆ ಏನಾಗುತ್ತಿತ್ತೆಂಬುದು ಯಾರಿಗೂ ತಿಳಿಯದು. ಇಂಥ ದಾಖಲೆಗಳೇ ಮುಂದಿನ ರೋಗಿಯ ತೀರ್ಮಾನಕ್ಕೆ ಆಧಾರವಾದರೆ ತಪ್ಪು ತಪ್ಪನ್ನೇ ಬೆಳೆಸುತ್ತದೆ.

1985ರಲ್ಲಿ ಲೆವಿ ಮತ್ತು ಸಂಗಡಿಗರು 210 ರೋಗಿಗಳ ಅಧ್ಯಯನ ಪ್ರಕಟಿಸಿ, ಕಣ್ಣಿನ ಪಾಪೆಯ ಪ್ರತಿಕ್ರಿಯೆ, ಕೈಕಾಲುಗಳ ಚಲನೆ ಮೊದಲಾದವುಗಳಿಂದ ಫಲಿತಾಂಶ ಊಹಿಸುವ ಸೂತ್ರಗಳನ್ನು ನೀಡಿದರು. ಅವು ಬಹುಕಾಲ ವೈದ್ಯರಿಗೆ ದಾರಿ ತೋರಿದವು. ಆದರೆ 2002ರ ಬಳಿಕ ರೋಗಿಯ ಶರೀರವನ್ನು ತಂಪುಗೊಳಿಸುವ ಚಿಕಿತ್ಸೆ ಹಬ್ಬಿದಾಗ ಹಳೆಯ ಲೆಕ್ಕ ಸಡಿಲಾಯಿತು. ಅದರೊಡನೆ ಕೊಡುವ ನಿದ್ರಾಜನಕ ಔಷಧಿಗಳು ದೇಹದಲ್ಲಿ ಉಳಿದು, ಜೀವಂತವಿರುವ ಪ್ರತಿಕ್ರಿಯೆಗಳನ್ನೂ ಮರೆಮಾಡುತ್ತವೆ.

ಆದ್ದರಿಂದಲೇ ಯೂರೋಪಿನ ತಜ್ಞರು 2021ರ ಮಾರ್ಗಸೂಚಿಯಲ್ಲಿ ಕನಿಷ್ಠ 72 ಗಂಟೆ ಕಾಯಬೇಕೆಂದರು. ಔಷಧಿಯ ಪ್ರಭಾವ ಇಳಿದಿರಬೇಕು. ಪಾಪೆಯ ಪ್ರತಿಕ್ರಿಯೆ, ಇ.ಇ.ಜಿ., ಸ್ಕ್ಯಾನ್, ರಕ್ತಪರೀಕ್ಷೆ ಮುಂತಾದವುಗಳಲ್ಲಿ ಎರಡಾದರೂ ಕೆಟ್ಟ ಸೂಚನೆಗಳು ಒಂದೇ ಮಾತನ್ನು ಹೇಳಬೇಕು. ಇಲ್ಲವಾದರೆ ಕಾದು ಮತ್ತೆ ಪರೀಕ್ಷಿಸಬೇಕು.

ಹಾಗೆಂದು ಹುಸಿ ಭರವಸೆಯೂ ಧರ್ಮವಲ್ಲ. ಚೇತರಿಕೆಯ ದಾರಿ ಮುಚ್ಚಿರುವುದು ಖಚಿತವಾದ ಮೇಲೂ ದೇಹವನ್ನು ಯಂತ್ರಕ್ಕೆ ಕಟ್ಟಿಹಾಕಿ, ಮನೆಯವರನ್ನು ಸಾಲಕ್ಕೆ ತಳ್ಳುವುದು ಕರುಣೆಯಾಗದು. ಭಾರತದ ಸುಪ್ರೀಂ ಕೋರ್ಟು 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನೂ, ಚಿಕಿತ್ಸೆಯ ಬಗೆಗಿನ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಪತ್ರವನ್ನೂ ಮಾನ್ಯ ಮಾಡಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಚಿಕಿತ್ಸೆ ನಿಲ್ಲಿಸುವ ಮುನ್ನ ಎರಡು ವೈದ್ಯಮಂಡಳಿಗಳ ಅಭಿಪ್ರಾಯ ಬೇಕು. ಒಬ್ಬರ ಊಹೆಯೇ ಕೊನೆಯ ಮಾತಾಗಬಾರದೆಂಬುದೇ ಇದರ ತಿರುಳು.

ಊರಿನಲ್ಲಿರುವ ಹಿರಿಯರ ವಿಷಯದಲ್ಲಿ ದೂರದ ನಗರದಿಂದ ಫೋನಿನಲ್ಲೇ ಒಪ್ಪಿಗೆ ಕೊಡಬೇಕಾದ ಮಕ್ಕಳು ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ಎಷ್ಟು ಗಂಟೆ ಕಳೆದಿದೆ? ನಿದ್ರೆಯ ಔಷಧಿಯ ಪ್ರಭಾವ ಇಳಿದಿದೆಯೇ? ಎಷ್ಟು ಪರೀಕ್ಷೆಗಳು ಒಂದೇ ಮಾತನ್ನು ಹೇಳುತ್ತಿವೆ? ಇವಕ್ಕೆ ಉತ್ತರ ದೊರೆಯುವವರೆಗೆ "ಇನ್ನೂ ತಿಳಿಯದು" ಎನ್ನುವ ವೈದ್ಯರನ್ನು ಅಸಮರ್ಥರೆಂದು ಭಾವಿಸಬಾರದು. ಅವರು ಸತ್ಯವನ್ನೇ ನುಡಿಯುತ್ತಿದ್ದಾರೆ.