ಸಂದರ್ಶನಕ್ಕೆ ಹೊರಡುವಾಗ ಉಡುಪು ಹೇಗಿರಬೇಕು?

ಉದ್ಯೋಗ ಸಂದರ್ಶನಕ್ಕೆ ಕರೆ ಬಂದ ಮನೆಯಲ್ಲಿ ಮೊದಲು ಏಳುವ ಮಾತು ಬಟ್ಟೆಯದ್ದು. ಹೊಸದು ಹೊಲಿಸಬೇಕೇ, ಕೋಟು ಬೇಕೇ, ಮಗಳು ಬುರ್ಖಾದಲ್ಲೇ ಹೋಗಬಹುದೇ ಎಂದು ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಈ ಚರ್ಚೆಯಲ್ಲಿ ಬಣ್ಣ ಇರುತ್ತದೆ, ಬೆಲೆ ಇರುತ್ತದೆ. ಬೆವರು, ವಾಸನೆ, ಧೂಳಿನ ಮಾತು ಮಾತ್ರ ಬರುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ಬೆಂಗಳೂರಿನ ಕಚೇರಿಗೆ ಹೋಗುವವರು ಸುಮಾರು ಐವತ್ತು ಕಿಲೋಮೀಟರ್ ರೈಲು, ಬಸ್ಸುಗಳಲ್ಲಿ ನಿಂತು ಹೋಗಬೇಕು. ಮನೆಯ ಕನ್ನಡಿಯಲ್ಲಿ ಕಂಡ ಬಟ್ಟೆಯೇ ಬೇರೆ, ಅಧಿಕಾರಿಯ ಮುಂದೆ ಕುಳಿತಾಗ ಇರುವ ಬಟ್ಟೆಯೇ ಬೇರೆ.

ರಾಮನಗರದ್ದು ಒಂದು ವಿಶೇಷ ಸಮಸ್ಯೆ. ರೇಷ್ಮೆಗೂಡು ಮಾರುಕಟ್ಟೆಗೆ ಹೆಸರಾದ ಈ ಊರಿನಲ್ಲಿ ನೂಲು ಬಿಚ್ಚುವುದು ಅನೇಕ ಮುಸ್ಲಿಂ ಕುಟುಂಬಗಳ ಕಸುಬು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಎಳೆಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ಮೆತ್ತಗಾಗಿ ನೂಲು ಬಿಟ್ಟುಕೊಳ್ಳುತ್ತದೆ. ಒಳಗಿನ ಹುಳುವೂ ಜೊತೆಗೇ ಬೇಯುತ್ತದೆ. ಆ ಹಬೆಯ ವಾಸನೆ ಮನೆಯಲ್ಲಿ ಒಣಹಾಕಿದ ಬಟ್ಟೆಗೆಲ್ಲ ಹತ್ತುತ್ತದೆ. ದಿನವಿಡೀ ಅದೇ ಗಾಳಿಯಲ್ಲಿ ಇರುವವರ ಮೂಗು ಒಗ್ಗಿಹೋಗಿರುವುದರಿಂದ ಅವರಿಗೆ ಅದು ತಿಳಿಯುವುದೇ ಇಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಮಕ್ಕಳನ್ನು ಓದಿಸಿದ ಕಸುಬೇ ಅದು. ಆದರೆ ಹತ್ತು ಹದಿನೈದು ನಿಮಿಷದ ಸಂದರ್ಶನದಲ್ಲಿ ಎದುರಿಗೆ ಕುಳಿತವರಿಗೆ ಈ ಕಥೆ ಗೊತ್ತಿರುವುದಿಲ್ಲ. ಎರಡು ದಿನ ಮೊದಲೇ ಒಗೆದು, ಘಟಕದಿಂದ ದೂರದಲ್ಲಿ ಬಿಸಿಲಿಗೆ ಒಣಗಿಸಿ, ಇಸ್ತ್ರಿ ಮಾಡಿಸಿ, ಕವರಿನಲ್ಲಿ ಹಾಕಿ ಸಂಬಂಧಿಕರ ಮನೆಯಲ್ಲಿ ಇಟ್ಟುಬಿಡಿ. ಈ ಕಸುಬಿನವರಲ್ಲದ ಒಬ್ಬರಿಗೆ ಕೊಟ್ಟು ಮೂಸಿ ನೋಡಲು ಹೇಳಿದರೆ ಅನುಮಾನವೂ ತೀರುತ್ತದೆ.

ಚನ್ನಪಟ್ಟಣದ ಗೊಂಬೆ ಕೆಲಸದವರಿಗೆ ತೊಂದರೆ ಉಗುರಿನಲ್ಲಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಚ್ಚುವ ಕೈಗಳಲ್ಲಿ ಬಣ್ಣವೂ ಮರದ ಪುಡಿಯೂ ಉಗುರಿನಡಿ ಸೇರಿರುತ್ತವೆ. ಹಿಂದಿನ ದಿನ ಉಗುರು ಕತ್ತರಿಸಿ, ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ಕೈ ನೆನೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಮೆಹಂದಿಯ ಬಣ್ಣ ಇದ್ದರೆ ಅಡ್ಡಿಯಿಲ್ಲ.

ಇನ್ನು ಬೆವರು. ಆಗ ತಾನೇ ಬಂದ ಬೆವರಿಗೆ ಅಷ್ಟಾಗಿ ವಾಸನೆ ಇರುವುದಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಪೂರ್ತಿ ಪಾಲಿಯೆಸ್ಟರ್ ಬಟ್ಟೆ ಈ ವಾಸನೆಯನ್ನು ಹತ್ತಿಗಿಂತ ಹೆಚ್ಚು ಹಿಡಿದಿಡುತ್ತದೆ. ಪೂರ್ತಿ ಹತ್ತಿಯೋ, ಬಸ್ಸಿನಿಂದ ಇಳಿಯುವಷ್ಟರಲ್ಲಿ ಸುಕ್ಕಾಗಿರುತ್ತದೆ. ಹತ್ತಿ ಹೆಚ್ಚಿರುವ ಮಿಶ್ರಬಟ್ಟೆಯ ಅಂಗಿ ಅಥವಾ ಕುರ್ತಾ, ಒಳಗೊಂದು ಹತ್ತಿಯ ಬನಿಯನ್ ಇದ್ದರೆ ಸಾಕು. ಬೂದು ಮತ್ತು ತಿಳಿನೀಲಿಯಲ್ಲಿ ಕಂಕುಳಿನ ಒದ್ದೆ ಎದ್ದು ಕಾಣುತ್ತದೆ. ಬಿಳಿ ಅಥವಾ ಕಡುನೀಲಿಯಲ್ಲಿ ಅಷ್ಟು ಕಾಣದು. ಸಾಲ ತಂದ ಕೋಟು ಖಂಡಿತ ಬೇಡ.

ಬೆವರಿನ ವಾಸನೆ ಮುಚ್ಚಲು ಅತ್ತರ್ ಸುರಿದುಕೊಳ್ಳುವವರಿದ್ದಾರೆ. ಕಿಟಕಿ ಮುಚ್ಚಿದ ಎ.ಸಿ. ಕೋಣೆಯಲ್ಲಿ ಗಾಢ ಸುಗಂಧ ಕೆಲವರಿಗೆ ತಲೆನೋವು ತರುತ್ತದೆ, ಅಸ್ತಮಾ ಇರುವವರಿಗೆ ಉಸಿರೇ ಕಟ್ಟಬಹುದು. ಸ್ನಾನ ಮಾಡಿದ ಮೈಗೆ ಒಂದು ತೊಟ್ಟು ಸಾಕು.

ಹಿಜಾಬ್ ವಿಷಯದಲ್ಲಿ ಅನೇಕ ಮನೆಗಳಲ್ಲಿ ಗೊಂದಲವಿದೆ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಸಮವಸ್ತ್ರಕ್ಕೆ ಸಂಬಂಧಿಸಿದ್ದು. ಕಚೇರಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಸರ್ಕಾರಿ ನೇಮಕಾತಿಯಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ಸಂವಿಧಾನದ 16ನೇ ವಿಧಿ ನಿಷೇಧಿಸುತ್ತದೆ. ಖಾಸಗಿ ಕಂಪೆನಿಗಳಲ್ಲಿ ಅವರದೇ ಉಡುಪಿನ ನಿಯಮಗಳಿರುತ್ತವೆ. ಆದ್ದರಿಂದ ಕರೆಪತ್ರ ಬಂದಾಗಲೇ, "ನಾನು ಹಿಜಾಬ್ ಧರಿಸುತ್ತೇನೆ, ನಿಮ್ಮಲ್ಲಿ ಏನಾದರೂ ನಿಯಮ ಇದೆಯೇ?" ಎಂದು ಒಂದು ಸಾಲಿನ ಇ-ಮೇಲ್ ಬರೆಯುವುದು ಉತ್ತಮ. ಅಮೆರಿಕದಲ್ಲಿ 2008ರಲ್ಲಿ ಸಮಂತಾ ಎಲಾಫ್ ಎಂಬ ಹುಡುಗಿ ಬಟ್ಟೆ ಅಂಗಡಿಯೊಂದರ ಕೆಲಸಕ್ಕೆ ಕಪ್ಪು ಸ್ಕಾರ್ಫ್ ಧರಿಸಿ ಹೋಗಿದ್ದಳು. ಸಂದರ್ಶನದಲ್ಲಿ ಇಬ್ಬರೂ ಆ ಮಾತನ್ನೇ ಎತ್ತಲಿಲ್ಲ. ಕೆಲಸ ಸಿಗಲಿಲ್ಲ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2015ರಲ್ಲಿ ಆಕೆಯ ಪರ ತೀರ್ಪು ಬಂತು. ಅಷ್ಟು ವರ್ಷ ಕಾಯುವ ಶಕ್ತಿ ಯಾರಿಗಿದೆ? ದಿನವೂ ಧರಿಸುವವರು ಸಂದರ್ಶನದ ಒಂದು ದಿನಕ್ಕೆ ತೆಗೆದು ಹೋದರೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ವಿವರಣೆ ಕೊಡಬೇಕಾಗುತ್ತದೆ.

ಸ್ಕಾರ್ಫ್‌ಗೆ ಶಿಫಾನ್‌ಗಿಂತ ಹತ್ತಿಯ ತೆಳು ಬಟ್ಟೆ ಒಳ್ಳೆಯದು, ಪದೇ ಪದೇ ಜಾರುವುದಿಲ್ಲ. ತಲೆಗೂದಲು ಪೂರ್ತಿ ಒಣಗದೆ ಕಟ್ಟಬೇಡಿ. ಒದ್ದೆ ಕೂದಲ ಮೇಲೆ ಗಂಟೆಗಟ್ಟಲೆ ಬಟ್ಟೆ ಕಟ್ಟಿದರೆ ಮುಗ್ಗಲು ವಾಸನೆ, ನೆತ್ತಿಯ ತುರಿಕೆ ಎರಡೂ ಬರುತ್ತವೆ. ಕಪ್ಪು ಬುರ್ಖಾದ ಭುಜ ಬಿಸಿಲಿಗೆ ಕಂದಾಗಿದ್ದರೆ ಅದು ಹಳೆಯದೆಂದು ತಕ್ಷಣ ತಿಳಿಯುತ್ತದೆ. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿದರೆ ಬಣ್ಣ ಬಹಳ ದಿನ ಉಳಿಯುತ್ತದೆ. ಅಂಚು ನೆಲದಿಂದ ಒಂದು ಇಂಚು ಮೇಲಿರಲಿ, ಇಲ್ಲವಾದರೆ ಬಸ್ಸಿನ ಮೆಟ್ಟಿಲ ಧೂಳೆಲ್ಲ ಅದರಲ್ಲೇ. ನಿಖಾಬ್ ಧರಿಸುವವರು ಗೇಟಿನಲ್ಲಿ ಗುರುತು ಪರಿಶೀಲಿಸಲು ಮಹಿಳಾ ಸಿಬ್ಬಂದಿ ಬೇಕೆಂದು ಅದೇ ಇ-ಮೇಲ್‌ನಲ್ಲಿ ತಿಳಿಸಬಹುದು.

ಗಂಡುಮಕ್ಕಳಲ್ಲಿ ಮರೆತುಹೋಗುವುದು ಕಾಲುಚೀಲ. ಶೂ ಪಾಲಿಶ್ ಆಗಿರುತ್ತದೆ, ಒಳಗಿನ ಚೀಲ ಮೂರು ದಿನದ್ದು! ಹೊಸ ಶೂ ಆದರೆ ನಾಲ್ಕು ದಿನ ಮೊದಲೇ ಹಾಕಿ ನಡೆದು ರೂಢಿ ಮಾಡಿಕೊಳ್ಳಿ. ಗಡ್ಡವನ್ನು ತೊಳೆದು, ಬಾಚಿ, ಅಂಚು ಸರಿಮಾಡಿಕೊಂಡರೆ ಸಾಕು.

ಬಿಡದಿ ಅಥವಾ ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ ಕಚೇರಿ ಕೆಲಸವಾದರೂ ಕೆಲವೊಮ್ಮೆ ಯಂತ್ರಗಳಿರುವ ಕಡೆಗೆ ಕರೆದೊಯ್ಯುತ್ತಾರೆ. ಮುಂಭಾಗ ಮುಚ್ಚಿದ ಪಾದರಕ್ಷೆ ಇರಲಿ. ಸ್ಕಾರ್ಫಿನ ತುದಿಗಳನ್ನು ಒಳಗೆ ಸೇರಿಸಿ ಪಿನ್ ಹಾಕಿ, ತಿರುಗುವ ಯಂತ್ರದ ಬಳಿ ಜೋತಾಡುವ ದುಪ್ಪಟ್ಟಾ ಪ್ರಾಣಕ್ಕೇ ಅಪಾಯ.

ಪ್ರಯಾಣದ ದಿನ ಕನಕಪುರದವರು ಸಿಲ್ಕ್ ಇನ್‌ಸ್ಟಿಟ್ಯೂಟ್ ನಿಲ್ದಾಣದಲ್ಲಿ ಇಳಿದು ಮೆಟ್ರೋ ಹಿಡಿದರೆ ಉಳಿದ ದಾರಿಯಲ್ಲಿ ಧೂಳು, ಸೆಕೆ ತಪ್ಪುತ್ತದೆ. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ. ಮಾಗಡಿಯವರಿಗೆ ಬಸ್ಸೇ ಗತಿ, ಅವರು ಇನ್ನೂ ಒಂದು ಗಂಟೆ ಮೊದಲು ಹೊರಡಬೇಕು. ಚೀಲದಲ್ಲಿ ಒಂದು ಸಣ್ಣ ಟವೆಲ್, ಬಾಚಣಿಗೆ, ಎರಡು ಪಿನ್ ಇಟ್ಟುಕೊಳ್ಳಿ. ಅರ್ಧ ಗಂಟೆ ಮೊದಲು ತಲುಪಿ ಮುಖ ತೊಳೆದು ಫ್ಯಾನಿನ ಕೆಳಗೆ ಕುಳಿತರೆ ಬೆವರು ಆರುತ್ತದೆ. ಝುಹರ್ ಸಮಯವಾಗಿದ್ದರೆ ವುಝೂ ಮಾಡುವಾಗ ತೋಳನ್ನು ಮೊಣಕೈ ಮೇಲಕ್ಕೆ ಚೆನ್ನಾಗಿ ಮಡಚಿ, ಕೈ ಒರೆಸಿಕೊಂಡ ಮೇಲೆಯೇ ಇಳಿಸಿ. ಒದ್ದೆಯಾದ ತೋಳು ಬೇಗ ಒಣಗುವುದಿಲ್ಲ.