ಟ್ಯಾಬ್‌ಗೆ ಕೊಂಡ ಆಪ್ ಕಂಪ್ಯೂಟರಿಗೆ ಯಾಕೆ ಬರುವುದಿಲ್ಲ?



ಕರಾರು ಪಾಲನೆಯ ಬಗ್ಗೆ ಜುಮಾ ಖುತ್ಬಾ ಆದಾಗಲೆಲ್ಲ ನಂದೂರಿನ ಯುವಕರು ಒಂದು ಪ್ರಶ್ನೆ ಕೇಳುತ್ತಾರೆ. ಶಾದಿ ಕಾರ್ಡು, ಬ್ಯಾನರ್ ವಿನ್ಯಾಸ ಮಾಡುವವರಿಗೂ, ಮಕ್ಕಳ ಓದಿಗೆ ಆಪ್ ಕೊಂಡ ಪೋಷಕರಿಗೂ ಇದೇ ಗೊಂದಲ. "ಹಜ್ರತ್, ಟ್ಯಾಬ್‌ನಲ್ಲಿ ದುಡ್ಡು ಕೊಟ್ಟೇ ಆಪ್ ತಗೊಂಡೀವಿ. ಅದೇ ಹೆಸರಿನ ಆಪ್ ಕಂಪ್ಯೂಟರಿಗೆ ಹಾಕಿದರೆ ಮತ್ತೆ ದುಡ್ಡು ಕೇಳ್ತದ. ಒಮ್ಮೆ ಕೊಟ್ಟೀವಲ್ಲ, ಈಗ ಕ್ರ್ಯಾಕ್ ಮಾಡಿದ್ದು ಹಾಕಿಕೊಂಡರೆ ಏನು ತಪ್ಪು?"

ಮೊದಲು ನಾವು ಕೊಂಡದ್ದು ಏನು ಎಂಬುದನ್ನು ತಿಳಿಯೋಣ. ಫಿಕ್ಹ್‌ನಲ್ಲಿ ವಸ್ತುವನ್ನೇ ಕೊಳ್ಳುವುದು ಬೇರೆ, ಅದರ ಉಪಯೋಗವನ್ನು ಮಾತ್ರ ಪಡೆಯುವುದು ಬೇರೆ. ಮನೆ ಕೊಂಡವನು ಅದನ್ನು ಮಾರಬಹುದು, ಕೆಡವಬಹುದು. ಬಾಡಿಗೆಗೆ ಪಡೆದವನು ಒಪ್ಪಿದ ಷರತ್ತಿನಂತೆ ಇರಬೇಕು. ಆಪ್‌ಗೆ ಹಣ ಕೊಟ್ಟಾಗ ನಮಗೆ ಸಿಗುವುದು ಸಾಫ್ಟ್‌ವೇರ್‌ನ ಒಡೆತನವಲ್ಲ, ಬಳಸುವ ಅನುಮತಿ. ಅದನ್ನೇ ಲೈಸೆನ್ಸ್ ಎನ್ನುತ್ತಾರೆ. ನಂದೂರಿನಿಂದ ಕಲಬುರಗಿಗೆ ಪಾಸ್ ಮಾಡಿಸಿದ ವಿದ್ಯಾರ್ಥಿ ಅದೇ ಪಾಸ್ ಹಿಡಿದು ಬೀದರ್ ಬಸ್ಸಿನಲ್ಲಿ ಹೋಗಲಾರ. ಹಣ ಕೊಟ್ಟದ್ದು ನಿಜ, ಸಾರಿಗೆ ಸಂಸ್ಥೆಯೂ ಅದೇ, ಆದರೆ ಪಾಸ್‌ನಲ್ಲಿ ಬರೆದ ಮಾರ್ಗ ಬೇರೆ.

ಎರಡು ಬಾರಿ ಹಣ ಕೇಳಲು ಕಾರಣಗಳೂ ಇವೆ. ಆಂಡ್ರಾಯ್ಡ್ ಟ್ಯಾಬ್‌ನ ಆಪ್ ಸಾಮಾನ್ಯವಾಗಿ ವಿಂಡೋಸ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ. ಅದನ್ನು ಬೇರೆಯಾಗಿ ತಯಾರಿಸಬೇಕು. ಟ್ಯಾಬ್‌ನಲ್ಲಿ ನಾವು ಗೂಗಲ್ ಪ್ಲೇ ಅಥವಾ ಆಪಲ್‌ನ ಅಂಗಡಿಯಲ್ಲಿ ಕೊಳ್ಳುತ್ತೇವೆ. ರಸೀದಿ ಆ ಅಂಗಡಿಯ ಖಾತೆಯಲ್ಲಿ ಉಳಿಯುತ್ತದೆ, ಬೆಲೆಯಲ್ಲಿ ಒಂದು ಪಾಲು ಅಂಗಡಿಗೆ ಹೋಗುತ್ತದೆ. ಕಂಪ್ಯೂಟರಿನ ಆವೃತ್ತಿಯನ್ನು ಹೆಚ್ಚಾಗಿ ಕಂಪನಿಯೇ ನೇರವಾಗಿ ಮಾರುತ್ತದೆ. ಹೀಗಾಗಿ ಒಂದು ಅಂಗಡಿಯ ರಸೀದಿ ಇನ್ನೊಂದರಲ್ಲಿ ತಾನಾಗಿ ನಡೆಯದು.

ಎಲ್ಲ ಕಂಪನಿಗಳ ಷರತ್ತು ಒಂದೇ ಅಲ್ಲ. ಫೋಟೊ ಮತ್ತು ವಿನ್ಯಾಸ ಕೆಲಸದ ಅಫಿನಿಟಿ ಸಾಫ್ಟ್‌ವೇರ್ ಮೊದಲು ಐಪ್ಯಾಡ್‌ಗೆ, ಮ್ಯಾಕ್‌ಗೆ, ವಿಂಡೋಸ್‌ಗೆ ಬೇರೆ ಬೇರೆ ಮಾರಾಟವಾಗುತ್ತಿತ್ತು. 2022ರ ನವೆಂಬರ್‌ನಲ್ಲಿ ಎರಡನೇ ಆವೃತ್ತಿ ಬಂದಾಗ ಮೂರಕ್ಕೂ ಸೇರಿ ಒಂದೇ ಲೈಸೆನ್ಸ್ ಕೂಡ ಬಂತು. ಆಪಲ್ 2020ರಲ್ಲಿ ಐಪ್ಯಾಡ್ ಮತ್ತು ಮ್ಯಾಕ್ ಎರಡಕ್ಕೂ ಒಂದೇ ಖರೀದಿ ಸಾಕಾಗುವ ವ್ಯವಸ್ಥೆ ತಂದಿತು, ಆದರೆ ಅದನ್ನು ಬಳಸುವುದು ಆಪ್ ತಯಾರಿಸಿದವರ ಇಷ್ಟ. ಮೈಕ್ರೋಸಾಫ್ಟ್ ಆಫೀಸನ್ನು ಒಮ್ಮೆಗೇ ಕೊಂಡರೆ ಒಂದು ಕಂಪ್ಯೂಟರಿಗೆ ಮಾತ್ರ. ವರ್ಷದ ಚಂದಾ ಕಟ್ಟುವ ಮೈಕ್ರೋಸಾಫ್ಟ್ 365ರಲ್ಲಿ ಒಬ್ಬರು ಕಂಪ್ಯೂಟರ್, ಟ್ಯಾಬ್, ಫೋನ್ ಸೇರಿ ಒಂದೇ ಸಮಯಕ್ಕೆ 5 ಸಾಧನಗಳಲ್ಲಿ ಬಳಸಬಹುದು.

ಈಗ ಕ್ರ್ಯಾಕ್‌ನ ಪ್ರಶ್ನೆ. ಕೆಲವರು ಹೇಳುತ್ತಾರೆ: ನಕಲು ಮಾಡಿದರೆ ಮಾಲೀಕನ ಹತ್ತಿರ ಇದ್ದದ್ದು ಕಡಿಮೆಯಾಗುವುದಿಲ್ಲ, ಅದು ಕಳವು ಹೇಗಾದೀತು? ಕೈಗೆ ಸಿಗದ ಬರಿಯ ಹಕ್ಕನ್ನು ಮಾರಬಹುದೇ ಎಂಬ ಬಗ್ಗೆ ಹಿಂದಿನ ಹನಫೀ ವಿದ್ವಾಂಸರಲ್ಲಿ ಚರ್ಚೆ ಇತ್ತು ಎಂಬುದು ನಿಜ. ಆದರೆ 1988ರ ಡಿಸೆಂಬರ್‌ನಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಬರವಣಿಗೆ ಮತ್ತು ಆವಿಷ್ಕಾರದ ಹಕ್ಕುಗಳು ಶರೀಅತ್‌ನಲ್ಲಿ ರಕ್ಷಿತ, ಅವುಗಳ ಮೇಲೆ ಅತಿಕ್ರಮಣ ಸಲ್ಲದು ಎಂದು ತೀರ್ಮಾನಿಸಿತು. ಸೂರಃ ಅಲ್ ಮಾಇದಃದ ಮೊದಲ ಆಯತ್‌ನಲ್ಲೇ ಕರಾರು ಪೂರೈಸುವ ಆಜ್ಞೆ ಇದೆ. ಸೂರಃ ಅನ್ನಿಸಾದ 29ನೇ ಆಯತ್ ಪರಸ್ಪರ ಒಪ್ಪಿಗೆಯ ವ್ಯಾಪಾರದ ಹೊರತು ಇನ್ನೊಬ್ಬರ ಸಂಪತ್ತನ್ನು ಅನ್ಯಾಯವಾಗಿ ತಿನ್ನುವುದನ್ನು ತಡೆಯುತ್ತದೆ. ಟ್ಯಾಬ್‌ಗೆ ಕೊಟ್ಟ ಹಣಕ್ಕೆ ಟ್ಯಾಬ್‌ನ ಆಪ್ ಸಿಕ್ಕಿದೆ. ಕಂಪ್ಯೂಟರಿನದಕ್ಕೆ ಒಪ್ಪಿಗೆ ಇನ್ನೂ ಆಗಿಲ್ಲ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಅಂಥ ಸಾಫ್ಟ್‌ವೇರ್‌ನಿಂದ ಶಾದಿ ಕಾರ್ಡು ಮಾಡಿ ಗಳಿಸುವ ರೊಟ್ಟಿಯ ಬಗ್ಗೆಯೂ ಯೋಚಿಸಬೇಕು.

ಮಾರುವವನ ಮೇಲೂ ಹೊಣೆ ಇದೆ. ಸರಕಿನ ಕುಂದನ್ನು ಮುಚ್ಚಿಡುವ ಮಾರಾಟವನ್ನೂ ಅಸ್ಪಷ್ಟತೆಯ ವ್ಯಾಪಾರವನ್ನೂ ಪ್ರವಾದಿ(ಸ) ತಡೆದಿದ್ದಾರೆ. 'ಎಲ್ಲ ಸಾಧನಗಳಿಗೂ' ಎಂದು ಹೇಳಿ ಮಾರಿ ಆಮೇಲೆ ಮತ್ತೆ ಹಣ ಕೇಳಿದರೆ ಅದು ಮೋಸ. ಆಗ ರಸೀದಿ ತೋರಿಸಿ ಹಣ ವಾಪಸ್ ಕೇಳುವುದು ನಮ್ಮ ಹಕ್ಕು.

ಆದ್ದರಿಂದ ಕೊಳ್ಳುವ ಮೊದಲೇ ನಾಲ್ಕು ಮಾತು ನೋಡಿಕೊಳ್ಳಿ:

1. ಯಾವ ಯಾವ ಸಾಧನಕ್ಕೆ, ಎಷ್ಟು ಸಾಧನಕ್ಕೆ ಎಂದು ಬರೆದಿದೆಯೇ?
2. ಒಮ್ಮೆ ಕೊಡುವ ಹಣವೇ, ತಿಂಗಳ ಚಂದಾವೇ?
3. ಯಾವ ಇಮೇಲ್ ಖಾತೆಯಿಂದ ಕೊಂಡಿರಿ ಎಂದು ಬರೆದಿಡಿ. ಹೊಸ ಟ್ಯಾಬ್‌ನಲ್ಲಿ ಅದೇ ಖಾತೆ ಹಾಕಿದರೆ ಕೊಂಡ ಆಪ್ ಮರಳಿ ಸಿಗುತ್ತದೆ. ಎಷ್ಟೋ ಬಾರಿ ಬೇರೆ ಖಾತೆ ಹಾಕಿದ್ದರಿಂದಲೇ ಮತ್ತೆ ಹಣ ಕೇಳುತ್ತದೆ.
4. ತಪ್ಪಾಗಿ ಕೊಂಡಿದ್ದರೆ ತಡ ಮಾಡಬೇಡಿ. ಗೂಗಲ್ ಪ್ಲೇಯಲ್ಲಿ 48 ಗಂಟೆಯೊಳಗೆ ಕೇಳಿದರೆ ಹಣ ವಾಪಸಾಗುವ ಅವಕಾಶ ಹೆಚ್ಚು.

ಎರಡು ಬಾರಿ ಕೊಡುವ ಶಕ್ತಿ ಇಲ್ಲದವರಿಗೆ ಹಲಾಲ್ ದಾರಿ ಮುಚ್ಚಿಲ್ಲ. ಕನ್ನಡ ಟೈಪಿಂಗ್‌ಗೆ ಕನ್ನಡ ಗಣಕ ಪರಿಷತ್ತಿನ ನುಡಿ, ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆ ಆಫೀಸ್, ಫೋಟೊಗೆ ಗಿಂಪ್, ಚಿತ್ರಕ್ಕೆ ಕ್ರಿಟಾ ಉಚಿತವಾಗಿಯೇ ಸಿಗುತ್ತವೆ. ತಯಾರಿಸಿದವರೇ ಸಂತೋಷದಿಂದ ಕೊಟ್ಟದ್ದು, ಮನಸ್ಸಿಗೆ ಅಳುಕು ಬೇಡ.

ಬೆರಳ ತುದಿಯ ವ್ಯವಹಾರದಲ್ಲೂ ಹಲಾಲ್ ಅನ್ನೇ ಆರಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.