ಕಾಫಿ ಸೀಮೆಗೆ ಲೋಕದ ಸುದ್ದಿ ಹೇಳುವವರು ಯಾರು?

*ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮಹಾಯುದ್ಧದ ನಡುವೆ ದೇಶ ದೇಶ ಸುತ್ತಿ, ಕಂಡದ್ದನ್ನು ಬರೆದು, ಸಭೆಗಳಲ್ಲಿ ಮಾತಾಡಿದರು. ಘಟ್ಟದ ಮೇಲಿನ ನಮ್ಮ ಊರುಗಳಿಗೆ ಅಂಥ ದನಿ ಇವತ್ತೂ ಬೇಕು.*

ಬಾಳೂರಿನ ಕಾಫಿ ಬೆಳೆಗಾರರು ದಿನವೂ ವಿಚಾರಿಸುವುದು ಎರಡೇ ಸಂಗತಿ: ಮಳೆ ಮತ್ತು ರೇಟು. ಮಳೆ ಚಾರ್ಮಾಡಿ ಕಡೆಯಿಂದ ಏರಿ ಬರುತ್ತದೆ. ರೇಟು ಬರುವುದು ಅದಕ್ಕಿಂತ ಎಷ್ಟೋ ದೂರದಿಂದ. ಅರೇಬಿಕಾ ದರ ನ್ಯೂಯಾರ್ಕ್ ಪೇಟೆಯನ್ನೂ ರೊಬಸ್ಟಾ ದರ ಲಂಡನ್ ಪೇಟೆಯನ್ನೂ ನೋಡಿಕೊಂಡು ನಡೆಯುತ್ತವೆ. 1975ರ ಜುಲೈಯಲ್ಲಿ ಬ್ರೆಜಿಲ್‌ನ ತೋಟಗಳು ಹಿಮ ಬಿದ್ದು ಕರಕಲಾದವು, ಜಗತ್ತಿನಲ್ಲೆಲ್ಲ ಕಾಫಿ ತುಟ್ಟಿಯಾಯಿತು. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತುಹೋಯಿತು, ದರ ನೆಲಕಚ್ಚಿತು. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಯುರೋಪಿಗೆ ಹೊರಟ ನಮ್ಮ ಕಾಫಿ ಆಫ್ರಿಕಾ ಖಂಡವನ್ನೇ ಬಳಸಿ ಹೋಗಬೇಕಾಯಿತು.

ಇಷ್ಟಾದರೂ ನಮ್ಮ ಊರುಗಳ ಸಭೆಗಳಲ್ಲಿ ಹೊರದೇಶದ ವಿದ್ಯಮಾನಗಳ ಮಾತು ಅಪರೂಪ. ಆ ವಿಷಯಕ್ಕೆ ಮಹಿಳೆಯೊಬ್ಬರನ್ನು ಕರೆಯುವುದಂತೂ ಇನ್ನೂ ಅಪರೂಪ. ಹೆಣ್ಣುಮಕ್ಕಳು ವೇದಿಕೆ ಹತ್ತಿದರೆ ಸಂಸಾರ, ಆರೋಗ್ಯ, ಮಕ್ಕಳ ಓದು ಇವುಗಳ ಬಗ್ಗೆಯೇ ಮಾತಾಡಲಿ ಎಂದು ನಿರೀಕ್ಷಿಸುತ್ತೇವೆ. ಈ ರೂಢಿಯನ್ನು ಎಂಟು ದಶಕಗಳ ಹಿಂದೆಯೇ ಮುರಿದವರು ಘಟ್ಟದ ಕೆಳಗಿನ ಮಂಗಳೂರಿನ ಮಗಳು.

ಯುದ್ಧದ ನಡುವೆ ಹೊರಟ ಪಯಣ

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಹದಿಹರೆಯದಲ್ಲೇ ಮದುವೆಯಾಗಿ, ಎರಡು ವರ್ಷ ತುಂಬುವಷ್ಟರಲ್ಲಿ ಗಂಡನನ್ನು ಕಳೆದುಕೊಂಡರು. ವಿಧವೆಯರನ್ನು ಒಳಮನೆಗೆ ಸೇರಿಸುತ್ತಿದ್ದ ಕಾಲದಲ್ಲಿ ಓದು ಮುಂದುವರಿಸಿದರು, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು, ಲಂಡನ್ನಿಗೆ ಹೋಗಿ ಸಮಾಜಶಾಸ್ತ್ರ ಕಲಿತರು. 1926ರಲ್ಲಿ ಮದ್ರಾಸ್ ಪ್ರಾಂತದ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು.

1939ರಲ್ಲಿ ಅವರು ಯುರೋಪಿಗೆ ಹೋದ ವರ್ಷವೇ ಎರಡನೇ ಮಹಾಯುದ್ಧ ಶುರುವಾಯಿತು. ಅವರು ಅಮೆರಿಕಕ್ಕೆ ಹೊರಟರು. ಅಲ್ಲಿ ಊರೂರು ಸುತ್ತಿ ಭಾರತದ ಸ್ವಾತಂತ್ರ್ಯದ ಪರವಾಗಿ ಉಪನ್ಯಾಸ ನೀಡಿದರು. ಆದರೆ ತಮ್ಮ ದೇಶದ ಅಹವಾಲು ಹೇಳಿ ಸುಮ್ಮನಾಗಲಿಲ್ಲ. ಅಲ್ಲಿನ ಕಪ್ಪು ಜನರ ಹಕ್ಕಿನ ಹೋರಾಟವನ್ನು ಹತ್ತಿರದಿಂದ ನೋಡಿದರು. ವಸಾಹತು ಆಳ್ವಿಕೆಯ ಅಡಿ ನಲುಗುತ್ತಿರುವ ಭಾರತೀಯರಿಗೂ ವರ್ಣಭೇದದ ಅಡಿ ನಲುಗುತ್ತಿರುವ ಅವರಿಗೂ ಇರುವ ನಂಟನ್ನು ತೋರಿಸಿಕೊಟ್ಟರು.

ಈ ಮಾತನ್ನು ಅವರು ನಡೆದೂ ತೋರಿಸಿದರು. 1941ರಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ ರೈಲಿನಲ್ಲಿ ಹೋಗುವಾಗ, ಬಿಳಿಯರಿಗೆ ಮೀಸಲಾದ ಡಬ್ಬಿಯಿಂದ ಎದ್ದು ಹೋಗುವಂತೆ ಟಿಕೆಟ್ ಕಲೆಕ್ಟರ್ ಹೇಳಿದ. ಅವರು ಏಳಲಿಲ್ಲ. ಹೊರದೇಶದವರಿರಬಹುದೆಂಬ ಅನುಮಾನದಿಂದ ಯಾವ ನಾಡಿನವರೆಂದು ಆತ ಕೇಳಿದ. ಭಾರತೀಯಳೆಂದು ಹೇಳಿ ವಿನಾಯಿತಿ ಪಡೆಯುವ ದಾರಿ ಅವರ ಮುಂದಿತ್ತು. ಅದನ್ನು ಬಿಟ್ಟು, ತಾನೂ ವರ್ಣೀಯ ಹೆಂಗಸೇ, ಇಲ್ಲಿಂದ ಏಳುವುದಿಲ್ಲ ಎಂದರು. ಕೂತ ಜಾಗ ಬಿಡಲಿಲ್ಲ.

ಅಮೆರಿಕದಿಂದ ಜಪಾನಿಗೆ, ಜಪಾನಿನಿಂದ ಅದೇ ಜಪಾನ್ ದಾಳಿ ಮಾಡಿದ್ದ ಚೀನಾಕ್ಕೆ ಹೋದರು. ಹೊಡೆಯುವವರನ್ನೂ ಹೊಡೆಸಿಕೊಳ್ಳುವವರನ್ನೂ ಅವರವರ ನೆಲದಲ್ಲೇ ನೋಡಿದರು. ಒಳ್ಳೆಯ ವರದಿಗಾರರು ಮಾಡುವ ಕೆಲಸ ಇದು. ಆ ಪಯಣದ ಫಲವಾಗಿ ಯುದ್ಧದಲ್ಲಿ ಜರ್ಜರಿತವಾದ ಚೀನಾ, ಜಪಾನಿನ ಬಲ ಮತ್ತು ದೌರ್ಬಲ್ಯ, ಅಮೆರಿಕದ ಸಾಮ್ರಾಜ್ಯದಾಹ ಇವುಗಳ ಬಗ್ಗೆ 1940ರ ದಶಕದಲ್ಲಿ ಇಂಗ್ಲಿಷ್ ಪುಸ್ತಕಗಳು ಬಂದವು. ತಮ್ಮನ್ನು ಕರೆದು ಮಾತಾಡಿಸಿದ ಅಮೆರಿಕವನ್ನೂ ಅವರು ವಿಮರ್ಶೆಯಿಂದ ಬಿಡಲಿಲ್ಲ. ಸ್ವಾತಂತ್ರ್ಯದ ನಂತರದ ಅವರ ಕರಕುಶಲ ಕಲೆಗಳ ಸೇವೆಯನ್ನು ನಾಡು ನೆನೆಯುತ್ತದೆ. ಲೋಕ ವಿದ್ಯಮಾನಗಳ ಈ ಲೇಖಕಿಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಅದೇ ಯುದ್ಧ, ನಮ್ಮ ಕಣದಲ್ಲಿ

ಕಮಲಾದೇವಿ ಕಂಡ ಆ ಯುದ್ಧ ಕಾಫಿ ಕಣಕ್ಕೂ ಬಂದಿತ್ತು. ಯುರೋಪಿನ ಪೇಟೆ ಮುಚ್ಚಿ, ಭಾರತದ ಕಾಫಿಗೆ ಕೊಳ್ಳುವವರು ಇಲ್ಲವಾದರು. ಬೆಳೆಗಾರರನ್ನು ಉಳಿಸಲು 1940ರಲ್ಲಿ ಸರ್ಕಾರ ಕಾಫಿ ಮಾರುಕಟ್ಟೆ ವಿಸ್ತರಣಾ ಮಂಡಳಿ ರಚಿಸಿತು. 1942ರಲ್ಲಿ ಕಾಫಿ ಕಾಯ್ದೆ ಬಂತು. ಬೆಳೆಯನ್ನೆಲ್ಲ ಮಂಡಳಿಗೆ ಒಪ್ಪಿಸಿ, ಮಾರಾಟವಾದ ಮೇಲೆ ಕಂತಿನಲ್ಲಿ ಹಣ ಪಡೆಯುವ ಪೂಲ್ ಪದ್ಧತಿಯ ಮೂಲ ಇಲ್ಲಿದೆ. ಅರ್ಧ ಶತಮಾನ ನಡೆದ ಆ ಪದ್ಧತಿ 1990ರ ದಶಕದ ಉದಾರೀಕರಣದಲ್ಲಿ ಮುಗಿಯಿತು. ಯುದ್ಧದ ಬಿಕ್ಕಟ್ಟಿನಲ್ಲಿ ಹುಟ್ಟಿದ ವ್ಯವಸ್ಥೆ ಮಲೆನಾಡಿನ ಎರಡು ತಲೆಮಾರುಗಳ ಲೆಕ್ಕಪುಸ್ತಕವನ್ನು ಆಳಿತು.

ಈಗ ಮತ್ತೊಂದು ಕಾನೂನು ಬಾಗಿಲಲ್ಲಿದೆ. ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾಯ್ದೆ ಮಾಡಿತು. ಕಾಫಿ ಯಾವ ತೋಟದಲ್ಲಿ ಬೆಳೆಯಿತು ಎಂಬುದನ್ನು ಅಕ್ಷಾಂಶ ರೇಖಾಂಶ ಸಮೇತ ತೋರಿಸಬೇಕು. ಜಾರಿಯ ದಿನಾಂಕ ಮುಂದೆ ಹೋಗಿದೆ, ಚಿಂತೆ ಹೋಗಿಲ್ಲ. ಇಟಲಿ, ಜರ್ಮನಿಯಂಥ ದೇಶಗಳೇ ನಮ್ಮ ದೊಡ್ಡ ಗಿರಾಕಿಗಳಾದ್ದರಿಂದ, ನೆರಳಿನ ಮರಗಳ ಕೆಳಗೆ ಕಾಫಿ ಬೆಳೆಯುವ ಎರಡು ಎಕರೆಯ ರೈತನಿಗೂ ಬ್ರಸೆಲ್ಸ್‌ನ ತೀರ್ಮಾನ ಮುಟ್ಟುತ್ತದೆ. ಇದನ್ನು ಅವನಿಗೆ ಕನ್ನಡದಲ್ಲಿ, ಎದುರಿಗೆ ನಿಂತು, ಪ್ರಶ್ನೆಗೆ ಉತ್ತರ ಕೊಡುತ್ತ ವಿವರಿಸುವವರು ಬೇಕು. ವಾಟ್ಸ್ಆ್ಯಪ್‌ನಲ್ಲಿ ಹರಿದು ಬರುವ ತುಣುಕುಗಳಿಂದ ಆ ಕೆಲಸ ಆಗದು.

ಪರಂಪರೆ ನಮ್ಮಲ್ಲೇ ಇದೆ

ಕನ್ನಡಕ್ಕೆ ಇದು ಹೊಸತೇನಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬಾ ಸ್ವತಃ ಬರೆದು, ಅಚ್ಚು ಹಾಕಿಸಿ, ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆಯನ್ನು ದೀರ್ಘಕಾಲ ನಡೆಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಪಂಡಿತರನ್ನು ಊರೂರಿಗೆ ಕರೆದೊಯ್ದವು. ಮೂಡಿಗೆರೆಯಲ್ಲಿ ಕೂತ ಪೂರ್ಣಚಂದ್ರ ತೇಜಸ್ವಿ ತಮ್ಮ ‘ಮಿಲೆನಿಯಮ್’ ಸರಣಿಯಲ್ಲಿ ಮಹಾಯುದ್ಧದ ಕಥೆಯನ್ನೂ ಕನ್ನಡದ ಸಾಮಾನ್ಯ ಓದುಗರ ಕೈಗಿಟ್ಟರು. ಘಟ್ಟದ ಜನಕ್ಕೆ ಲೋಕದ ಕುತೂಹಲವಿಲ್ಲ ಎನ್ನುವವರಿಗೆ ಆ ಪುಸ್ತಕಗಳ ಓದುಗರೇ ಉತ್ತರ.

ಕುಯ್ಲು ಮುಗಿದು ಹೂಮಳೆಗೆ ಕಾಯುವ ದಿನಗಳಲ್ಲಿ ತೋಟದವರಿಗೆ ಸ್ವಲ್ಪ ಬಿಡುವಿರುತ್ತದೆ. ಬಾಳೂರು, ಕೊಟ್ಟಿಗೆಹಾರ, ಕಳಸದ ಬೆಳೆಗಾರರ ಸಂಘಗಳು, ಶಾಲೆ ಕಾಲೇಜುಗಳು, ಸ್ತ್ರೀಶಕ್ತಿ ಗುಂಪುಗಳು ಸೇರಿ ಆಗ ಒಂದು ಉಪನ್ಯಾಸ ಏರ್ಪಡಿಸಲಿ. ವಿಷಯ ಬ್ರೆಜಿಲ್ ಆಗಲಿ, ಯುಕ್ರೇನ್ ಆಗಲಿ, ಕೆಂಪು ಸಮುದ್ರವಾಗಲಿ. ಮಾತಾಡಲು ಪತ್ರಕರ್ತೆಯೊಬ್ಬರನ್ನು ಕರೆಯಿರಿ. ಲೈನ್ ಮನೆಯ ಹೆಣ್ಣುಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಪ್ರಶ್ನೆ ಅವರೇ ಕೇಳಲಿ.